ರಾಜಕೀಯದ ಮಾತು ಬಂದರೆ ಈಗ ನನ್ನ ಬಾಯಿ ಕಟ್ಟುತ್ತದೆ. ನಿಮಗೂ ಹೀಗಾಗಿದೆಯೇ?

ಕೇಳಿದವರು:

ನಾನು ಮೊದಲು ರಾಜಕೀಯ ಧಾರಾಳವಾಗಿ ಮಾತಾಡುತ್ತಿದ್ದವಳು. ಮನೆಯಲ್ಲಿ, ಕೆಲಸದ ಜಾಗದಲ್ಲಿ, ಪ್ರಯಾಣದಲ್ಲಿ ಪಕ್ಕ ಕೂತ ಅಪರಿಚಿತರ ಹತ್ತಿರವೂ. ಅಪ್ಪ ಪತ್ರಿಕೆಯನ್ನು ಜೋರಾಗಿ ಓದುತ್ತಿದ್ದರು, ನಾನು ಅವರಿಗೆ ಎದುರು ವಾದ ಮಾಡುತ್ತಲೇ ಬೆಳೆದೆ.

ಎರಡು ವರ್ಷದ ಹಿಂದೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಚುನಾವಣೆಯ ಬಗ್ಗೆ ಒಂದು ಫಾರ್ವರ್ಡ್ ಬಂತು. ಅದರಲ್ಲಿದ್ದ ಅಂಕಿ ತಪ್ಪು ಅಂತ ನನಗೆ ಗೊತ್ತಿತ್ತು. ನಾಲ್ಕು ಸಾಲು ಬರೆದು ಹಾಕಿದೆ. 43 ಜನ ಇರುವ ಗ್ರೂಪು. ಹತ್ತು ನಿಮಿಷದಲ್ಲಿ 26 ಜನ ಓದಿದ್ದು ಕಾಣಿಸಿತು. ಯಾರದೂ ಒಂದು ಮಾತಿಲ್ಲ. ಚಿಕ್ಕಮ್ಮ ಟೈಪ್ ಮಾಡುತ್ತಿದ್ದಾರೆ ಅಂತ ಮೇಲೆ ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ಕೊನೆಗೆ ಸಂಬಂಧಿಕರಲ್ಲೇ ಒಬ್ಬ ಹುಡುಗ "ನಿಮ್ಮ ತಿಳಿವಳಿಕೆ ಇಷ್ಟೇ ಅಂತ ಮೊದಲೇ ಗೊತ್ತಿತ್ತು" ಅಂತ ಹಾಕಿದ. ಅದಕ್ಕೆ ಏಳು ಹೆಬ್ಬೆರಳು ಬಿದ್ದವು. ಯಾರದು ಅಂತ ಒತ್ತಿ ನೋಡಿದೆ, ನೋಡಬಾರದಿತ್ತು. ಎರಡು ನಾನು ಎತ್ತಿ ಆಡಿಸಿದ ಮಕ್ಕಳದ್ದು.

ಅಂದಿನಿಂದ ಗ್ರೂಪಿನಲ್ಲಿ ನಾನು ತುಟಿ ಬಿಚ್ಚಿಲ್ಲ. ಅದು ಹೋಗಲಿ ಬಿಡಿ. ನನಗೆ ಚಿಂತೆಯಾಗಿರುವುದು ಬೇರೆ. ಎದುರಾಬದುರು ಕೂತಾಗಲೂ ಮಾತು ಬರುತ್ತಿಲ್ಲ. ಮೊನ್ನೆ ಮಗ ಕೇಳಿದ, ಈ ಸಲ ಮೊದಲ ಬಾರಿ ಮತ ಹಾಕುವವನು, "ಅಮ್ಮ, ನಿನಗೆ ಯಾರು ಸರಿ ಅನಿಸುತ್ತಾರೆ?" ನಾನು "ಎಲ್ಲರೂ ಒಂದೇ ಬಿಡು" ಅಂದುಬಿಟ್ಟೆ. ಅದು ನನ್ನ ಅಭಿಪ್ರಾಯವೇ ಅಲ್ಲ. ಅವನು ಆಚೆ ಹೋದ ಮೇಲೆ ತುಂಬ ಹೊತ್ತು ಸಂಕಟವಾಯಿತು.

ಇಂಥದ್ದರಿಂದ ಹೊರಬಂದವರು ಇದ್ದರೆ ಏನು ಮಾಡಿದಿರಿ ಅಂತ ಹೇಳಿ.

ಪಾಠ ಮಾಡುವವಳು:

ನಿಮ್ಮ ಬರಹ ಎರಡು ಸಲ ಓದಿದೆ. ನಾನು ಸಮಾಜವಿಜ್ಞಾನ ಕಲಿಸುವವಳು, ನನಗೂ ಇದೇ ಆಗಿತ್ತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮಗಾದದ್ದಕ್ಕೆ ಹೆಸರಿದೆ. ಎಲಿಸಬೆತ್ ನೋಯೆಲ್-ನಾಯ್ಮನ್ ಅನ್ನುವ ಜರ್ಮನಿಯ ಸಂಶೋಧಕಿ 1974ರಲ್ಲಿ ಇದನ್ನು ಮೌನದ ಸುರುಳಿ ಅಂತ ಕರೆದರು. ನಾವು ಮಾತಾಡುವ ಮೊದಲು ನಮಗೇ ಗೊತ್ತಿಲ್ಲದೆ ಸುತ್ತ ನೋಡುತ್ತೇವೆ, ಗಾಳಿ ಯಾವ ಕಡೆ ಬೀಸುತ್ತಿದೆ ಅಂತ. ನಮ್ಮ ಕಡೆ ಜನ ಕಡಿಮೆ ಅನಿಸಿದರೆ ಒಂಟಿಯಾಗುವ ಭಯಕ್ಕೆ ಸುಮ್ಮನಾಗುತ್ತೇವೆ. ನಾವು ಸುಮ್ಮನಾದದ್ದನ್ನು ನೋಡಿ ನಮ್ಮಂಥ ಇನ್ನೊಬ್ಬರು "ಹೌದು, ನನ್ನ ಕಡೆ ಯಾರೂ ಇಲ್ಲ" ಅಂದುಕೊಂಡು ತಾವೂ ಸುಮ್ಮನಾಗುತ್ತಾರೆ. ಸುತ್ತು ಸುತ್ತಿಗೂ ಒಂದು ದನಿ ಏರುತ್ತದೆ, ಇನ್ನೊಂದು ಅಡಗುತ್ತದೆ. ನಿಜವಾಗಿ ಎಷ್ಟು ಜನ ಯಾವ ಕಡೆ ಇದ್ದಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇರಬೇಕಿಲ್ಲ.

ಸಾಮಾಜಿಕ ಜಾಲತಾಣ ಬಂದಾಗ ಹಲವರಿಗೆ ದೊಡ್ಡ ಆಸೆ ಇತ್ತು. ಎದುರಿಗೆ ಮಾತಾಡಲು ಅಳುಕುವವರು ಅಲ್ಲಾದರೂ ಮಾತಾಡುತ್ತಾರೆ ಅಂತ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ ಇದನ್ನು ಪರೀಕ್ಷಿಸಿ ನೋಡಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅನ್ನುವವರು ಅಮೆರಿಕ ಸರ್ಕಾರ ಜನರ ಫೋನ್, ಇಂಟರ್‌ನೆಟ್ ಮೇಲೆ ಇಟ್ಟಿದ್ದ ಕಣ್ಗಾವಲಿನ ಗುಟ್ಟು ಬಯಲು ಮಾಡಿದ ಹೊತ್ತಿನಲ್ಲಿ 1,801 ವಯಸ್ಕರನ್ನು ಮಾತಾಡಿಸಿತು. ಈ ವಿಷಯವನ್ನು ಎದುರಾಬದುರು ಚರ್ಚಿಸಲು ಸಿದ್ಧ ಅಂದವರು 100ಕ್ಕೆ 86. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧ ಅಂದವರು 42. ಎದುರಿಗೆ ಬಾಯಿ ಬಿಡದವರು ಜಾಲತಾಣದಲ್ಲಿ ಬಾಯಿ ಬಿಡುತ್ತಾರಾ ಅಂತ ನೋಡಿದರೆ, ಇಲ್ಲವೇ ಇಲ್ಲ ಅನ್ನಬಹುದಾದಷ್ಟು ಕಡಿಮೆ. 2014ರಲ್ಲಿ ಈ ವರದಿ ಬಂತು. ನಿಮ್ಮ ಪ್ರಶ್ನೆಗೆ ಸೇರಿದ ಭಾಗವೂ ಅದರಲ್ಲಿದೆ. ದಿನಕ್ಕೆ ನಾಲ್ಕಾರು ಸಲ ಫೇಸ್‌ಬುಕ್ ತೆರೆಯುವವರು ಅದನ್ನು ಬಳಸದವರಿಗಿಂತ ನಿಜವಾದ ಸಭೆಯಲ್ಲೂ ಈ ವಿಷಯ ಮಾತಾಡಲು ಹೆಚ್ಚು ಹಿಂಜರಿಯುತ್ತಿದ್ದರು. ಅಂದರೆ ಪರದೆಯ ಮೇಲೆ ಕಲಿತ ಅಳುಕು ಪರದೆಯ ಆಚೆಗೂ ನಮ್ಮ ಬೆನ್ನಿಗೆ ಬರುತ್ತದೆ ಅನ್ನುವ ಅನುಮಾನಕ್ಕೆ ಇದು ಹೊಂದುತ್ತದೆ. ಮಗನ ಎದುರು ನಿಮ್ಮ ಬಾಯಿ ಕಟ್ಟಿದ್ದು ಇದೇ ಅಂತ ನನಗನಿಸುತ್ತದೆ.

ಈಗ ನನ್ನ ಕಥೆ. ಸಹೋದ್ಯೋಗಿಗಳ ಗ್ರೂಪಿನಲ್ಲಿ ಒಂದು ಹೊಸ ಕಾನೂನಿನ ಬಗ್ಗೆ ನನ್ನ ವಿರೋಧ ಬರೆದೆ. ಇಬ್ಬರು ಸಿಕ್ಕಾಪಟ್ಟೆ ಬೈದರು, ಉಳಿದವರು ಮೌನ. ಮರುದಿನ ನಾನು ಒಳಗೆ ಕಾಲಿಟ್ಟರೆ ಮಾತು ಫಕ್ಕನೆ ನಿಲ್ಲುತ್ತಿತ್ತು. ಆದರೆ ಮಧ್ಯಾಹ್ನ ಮೆಟ್ಟಿಲ ತಿರುವಿನಲ್ಲಿ ಒಬ್ಬರು ನಿಲ್ಲಿಸಿ, ಆಚೆ ಈಚೆ ನೋಡಿ, "ನೀವು ಬರೆದದ್ದು ನೂರಕ್ಕೆ ನೂರು ಸರಿ" ಅಂದರು. ವಾರದೊಳಗೆ ಹೀಗೆ ಗುಟ್ಟಾಗಿ ಬಂದವರು ನಾಲ್ಕು ಜನ. ಬೈದವರು ಇಬ್ಬರೇ ಅಂತ ಆಗ ಹೊಳೆಯಿತು! ನಾಲ್ಕನೆಯವರಿಗೆ ನಾನು ಕೈಮುಗಿದು ಹೇಳಿದೆ: ಮುಂದಿನ ಸಲ ಮೆಟ್ಟಿಲ ಹತ್ತಿರ ಬೇಡ, ಅಲ್ಲೇ, ಎಲ್ಲರ ಮುಂದೆ ಒಂದೇ ಒಂದು ಮಾತು ಹೇಳಿ. "ಅವರು ಹೇಳಿದ್ದರಲ್ಲಿ ಯೋಚಿಸುವಂಥದ್ದು ಇದೆ" ಅಂದರೂ ಸಾಕು.

1950ರ ದಶಕದಲ್ಲಿ ಸಾಲೊಮನ್ ಆ್ಯಶ್ ಅನ್ನುವ ಮನಃಶಾಸ್ತ್ರಜ್ಞ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಕೊಠಡಿಯಲ್ಲಿದ್ದ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಕಣ್ಣಿಗೆ ಕಾಣುವ ಸತ್ಯವನ್ನು ಬಿಟ್ಟು ಒಮ್ಮೆಯಾದರೂ ಗುಂಪಿಗೆ ಗೋಣು ಹಾಕಿದವರು ಮುಕ್ಕಾಲು ಪಾಲು ಜನ. ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನನ್ನು ಜೊತೆಗೆ ಕೂರಿಸಿದಾಗ ಗುಂಪಿನ ಜೊತೆ ತಪ್ಪು ಉತ್ತರ ಕೊಡುವುದು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ಅಷ್ಟೇ, ಒಬ್ಬ. ನನಗಂತೂ ಈ ಒಬ್ಬನ ಲೆಕ್ಕವೇ ದಾರಿ ತೋರಿಸಿದ್ದು. ಮೊದಲ ದನಿಯಾಗಲು ಧೈರ್ಯ ಇಲ್ಲದ ದಿನ ಇನ್ನೊಬ್ಬರಿಗೆ ಎರಡನೆಯ ದನಿಯಾಗಿ. ನಿಮ್ಮ ಚಿಕ್ಕಮ್ಮ ಅವತ್ತು ಆಗಬಹುದಾಗಿದ್ದದ್ದು ಅದೇ.

ಗ್ರೂಪುಗಳನ್ನೆಲ್ಲ ಬಿಟ್ಟವನು:

ನಾನು ಬೇರೆ ಮಾತು ಹೇಳುತ್ತೇನೆ. ಸುಮ್ಮನಿರುವುದೂ ನಿಮ್ಮ ಹಕ್ಕು. ಮತವನ್ನು ಗುಟ್ಟಾಗಿ ಹಾಕುವ ಪದ್ಧತಿಯನ್ನು 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾ ವಸಾಹತುಗಳು ಕಾನೂನಾಗಿ ತಂದದ್ದೇ ಜನ ಹೆದರಿಕೆ, ಒತ್ತಡ ಇಲ್ಲದೆ ಮನಸ್ಸಿಗೆ ಬಂದಂತೆ ಆರಿಸಲಿ ಅಂತ. ಕುಟುಂಬದ 43 ಜನಕ್ಕೆ ಲೆಕ್ಕ ಒಪ್ಪಿಸುವ ಹಂಗು ನಿಮಗಿಲ್ಲ. ನಾನು ಮೂರು ಗ್ರೂಪು ಬಿಟ್ಟೆ, ರಾತ್ರಿ ನಿದ್ದೆ ಬರುತ್ತಿದೆ. ಮಗನ ವಿಷಯ ಮಾತ್ರ ಬೇರೆ. ಅವನು ಕೇಳಿದ್ದಾನೆ, ಅವನಿಗೆ ಹೇಳಿ.

ಅಡ್ಮಿನ್ ಆಗಿರುವವನು:

ನಾನು ಹಳೆಯ ಸಹಪಾಠಿಗಳ ಗ್ರೂಪಿಗೆ ಆರು ವರ್ಷದಿಂದ ಅಡ್ಮಿನ್. 112 ಜನ. ಮೇಡಂ ಹೇಳಿದ ಮೆಟ್ಟಿಲ ತಿರುವಿನ ಮಾತು ನನಗೆ ದಿನಾ ಫೋನಿನಲ್ಲಿ ಬರುತ್ತದೆ. "ದಯವಿಟ್ಟು ಇದನ್ನು ನಿಲ್ಲಿಸಪ್ಪ", "ಅವನು ಹಾಕುವುದು ಸುಳ್ಳು, ನೀನಾದರೂ ಹೇಳು", "ನನ್ನ ಹೆಸರು ಹೇಳಬೇಡ". ಒಂದು ಸಲ ಚುನಾವಣೆ ಹೊತ್ತಿನಲ್ಲಿ ಕೂತು ಒಂದು ತಿಂಗಳ ಸಂದೇಶ ಎಣಿಸಿದೆ. ರಾಜಕೀಯ ಹಾಕಿದವರು ಒಟ್ಟು ಒಂಬತ್ತು ಜನ. ಅದರಲ್ಲೂ ಇಬ್ಬರದ್ದೇ ಅರ್ಧಕ್ಕಿಂತ ಹೆಚ್ಚು. ಉಳಿದ 103 ಜನ ಇದನ್ನು ನೋಡಿ "ನಮ್ಮ ಗ್ರೂಪಿನವರೆಲ್ಲ ಹೀಗೇ" ಅಂದುಕೊಂಡಿದ್ದರು. ನಾನೂ ಅದೇ ಅಂದುಕೊಂಡಿದ್ದೆ, ಎಣಿಸುವ ತನಕ.

ಇದು ನಮ್ಮ ಗ್ರೂಪಿನ ಕಥೆ ಮಾತ್ರ ಅಲ್ಲ. ಪ್ಯೂ ಸಂಸ್ಥೆ 2019ರಲ್ಲಿ ಅಮೆರಿಕದ ಟ್ವಿಟರ್ ಬಳಕೆದಾರರನ್ನು ನೋಡಿದಾಗ ಅಲ್ಲಿನ ವಯಸ್ಕರ 100 ಟ್ವೀಟುಗಳಲ್ಲಿ 80ನ್ನು ಬರೆದವರು 10 ಶೇಕಡ ಜನ. ಗದ್ದಲ ಕೇಳಿ ಜನರನ್ನು ಅಳೆದರೆ ಲೆಕ್ಕ ತಪ್ಪುವುದು ಹೀಗೆ.

ರಾಜಕೀಯವೇ ಬೇಡ ಅಂತ ಮೊದಲು ನಿಷೇಧ ಹಾಕಿದೆ. ಅದು ತಪ್ಪಾಯಿತು ಅಂತ ಈಗ ಒಪ್ಪುತ್ತೇನೆ. ಗಲಾಟೆ ನಿಂತಿತು, ಗ್ರೂಪೂ ಸತ್ತಿತು. ಹುಟ್ಟುಹಬ್ಬಕ್ಕೆ ಶುಭಾಶಯ, ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿ, ಮಧ್ಯೆ ಏನೂ ಇಲ್ಲ. ಆಮೇಲೆ ನಿಷೇಧ ತೆಗೆದು ಒಂದೇ ನಿಯಮ ಇಟ್ಟೆ. ಫಾರ್ವರ್ಡ್ ಹಾಕುವವರು ಅದರ ಮೇಲೆ ತಮ್ಮ ಸ್ವಂತ ಎರಡು ಸಾಲು ಬರೆಯಬೇಕು: ಇದು ನಿಜ ಅಂತ ನನಗೆ ಹೇಗೆ ಗೊತ್ತು, ಇದನ್ನು ಯಾಕೆ ಹಂಚುತ್ತಿದ್ದೇನೆ. ಬರೆಯದಿದ್ದರೆ ಅಳಿಸುತ್ತೇನೆ, ಯಾವ ಪಕ್ಷದ್ದಾದರೂ ಸರಿ. ಒಂಬತ್ತು ಜನರಲ್ಲಿ ಆರು ಜನ ಹಾಕುವುದನ್ನೇ ನಿಲ್ಲಿಸಿದರು. ಅದಕ್ಕಿಂತ ನನಗೆ ಸಂತೋಷವಾದದ್ದು, ಎಂದೂ ಬರೆಯದಿದ್ದ ಐದಾರು ಜನ ತಮ್ಮ ಅನುಭವ ಬರೆಯತೊಡಗಿದರು. ಒಬ್ಬಳು ತನ್ನ ಅಮ್ಮನ ಪಿಂಚಣಿ ಯಾಕೆ ತಡವಾಯಿತು ಅಂತ ಒಂದು ಪುಟ ಬರೆದಳು. ಅದಕ್ಕೆ ಎರಡೂ ಪಕ್ಷದವರು ಸೇರಿ ದಾರಿ ಹುಡುಕಿದರು. ನನ್ನ ಕಣ್ಣಿಗೆ ಅದೂ ರಾಜಕೀಯ ಚರ್ಚೆಯೇ, ಇನ್ನೂ ಚೆಂದದ್ದು.

ನಿಮ್ಮ ಗ್ರೂಪಿನ ಅಡ್ಮಿನ್ ಯಾರು? ಅವರ ಜೊತೆ ಒಮ್ಮೆ ಮಾತಾಡಿ. ನಮ್ಮಂಥವರು ಸುಮ್ಮನಿರುವುದೂ ಒಂದು ಪಕ್ಷ ವಹಿಸಿದಂತೆಯೇ ಅಂತ ನನಗೆ ತಡವಾಗಿ ತಿಳಿಯಿತು.

ಕೆಲಸಕ್ಕೆ ಪೆಟ್ಟು ಬಿದ್ದವಳು:

ಮೇಲಿನವರೆಲ್ಲ ಧೈರ್ಯ ಮಾಡಿ ಅಂತಿದ್ದಾರೆ. ಅವರ ಮೇಲೆ ಗೌರವ ಇದೆ. ಆದರೆ ಭಯಕ್ಕೆ ಕಾರಣ ಇರುವವರೂ ಇದ್ದಾರೆ, ಅದನ್ನು ಯಾರಾದರೂ ಹೇಳಬೇಕು.

ಗೆಳತಿಯರು ಹನ್ನೊಂದು ಜನ ಇದ್ದ ಗ್ರೂಪಿನಲ್ಲಿ ಒಬ್ಬ ನಾಯಕರ ಭಾಷಣದ ಬಗ್ಗೆ ಸಿಟ್ಟಿನಲ್ಲಿ ಎರಡು ಸಾಲು ಬರೆದಿದ್ದೆ. ಮೂರು ವರ್ಷದ ನಂತರ, ನಾನೇ ಮರೆತಿದ್ದ ಆ ಎರಡು ಸಾಲಿನ ಸ್ಕ್ರೀನ್‌ಶಾಟ್ ನನ್ನ ಮೇಲಧಿಕಾರಿಯ ಮೇಜಿನ ಮೇಲಿತ್ತು. ಹಿಂದಿನ ಮಾತಿಲ್ಲ, ಮುಂದಿನ ಮಾತಿಲ್ಲ, ನನ್ನ ಹೆಸರು, ಫೋಟೋ ಮತ್ತು ಆ ಎರಡು ಸಾಲು. ಮೇಲೆ ಮೂಲೆಯಲ್ಲಿ ಬ್ಯಾಟರಿ 14 ಶೇಕಡ ಅಂತಿತ್ತು, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಯಾರ ಫೋನಿನದು ಅಂತ ಗೊತ್ತಾಗಲಿಲ್ಲ. ಹನ್ನೊಂದು ಗೆಳತಿಯರ ಮುಖವನ್ನೂ ಒಂದೊಂದಾಗಿ ನೆನೆದು ಅನುಮಾನಪಟ್ಟೆ. ಬಡ್ತಿ ತಪ್ಪಿದ್ದಕ್ಕಿಂತ ಆ ಅನುಮಾನವೇ ನನ್ನನ್ನು ಹೆಚ್ಚು ತಿಂದಿತು.

ಎದುರು ಕೂತು ಆಡಿದ ಮಾತಿಗೆ ಜಾಗ ಇರುತ್ತದೆ, ಹೊತ್ತು ಇರುತ್ತದೆ, ಕೇಳುವವರ ಮುಖ ಇರುತ್ತದೆ. ಗೆಳತಿಯ ಹತ್ತಿರ ಆಡುವ ಮಾತು ಬೇರೆ, ಅಧಿಕಾರಿಯ ಹತ್ತಿರ ಆಡುವ ಮಾತು ಬೇರೆ, ಅದು ಮೋಸ ಅಲ್ಲ. ಜಾಲತಾಣ ಅವರೆಲ್ಲರನ್ನೂ ಒಂದೇ ಕೊಠಡಿಗೆ ತಂದು ಕೂರಿಸುತ್ತದೆ, ಇನ್ನೂ ಹುಟ್ಟದ ಸಂದರ್ಭದ ಕೇಳುಗರನ್ನೂ. ಯಾರಿಗೆ ಮಾತಾಡುತ್ತಿದ್ದೇನೆ ಅಂತ ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡರೆ ಅದನ್ನು ಹೇಡಿತನ ಅನ್ನಬಾರದು.

ಫೇಸ್‌ಬುಕ್‌ನವರೇ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 39 ಲಕ್ಷ ಬಳಕೆದಾರರನ್ನು 17 ದಿನ ಗಮನಿಸಿದ್ದರು, ಟೈಪ್ ಮಾಡಲು ಶುರುಮಾಡಿ ಹಾಕದೆ ಬಿಟ್ಟವರು ಎಷ್ಟು ಅಂತ. 100ಕ್ಕೆ 71 ಜನ ಆ ದಿನಗಳಲ್ಲಿ ಒಮ್ಮೆಯಾದರೂ ಹಾಗೆ ಮಾಡಿದ್ದರು. ಬರೆದು ಅಳಿಸಿದವರು ನಿಮ್ಮ ಚಿಕ್ಕಮ್ಮ ಒಬ್ಬರೇ ಅಲ್ಲ.

ನಾನು ಈಗ ಪಾಲಿಸುವುದು ಇಷ್ಟು. ರಾಜಕೀಯವನ್ನು ಬರಹದಲ್ಲಿ ಆಡುವುದಿಲ್ಲ, ದನಿಯಲ್ಲಿ ಆಡುತ್ತೇನೆ. ಫೋನ್ ಮಾಡುತ್ತೇನೆ, ಇಲ್ಲವೇ ನಡೆಯಲು ಹೋಗುವಾಗ ಮಾತಾಡುತ್ತೇನೆ. ಒಬ್ಬರು, ಹೆಚ್ಚೆಂದರೆ ಇಬ್ಬರು. ಮಾತು ಕಡಿಮೆಯಾಗಿಲ್ಲ. ನಿಜ ಹೇಳಬೇಕೆಂದರೆ ಮೊದಲಿಗಿಂತ ಹೆಚ್ಚಾಗಿದೆ.

ಹಿಂದೆ ಬೈಯುತ್ತಿದ್ದವನು:

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಿಮ್ಮ ಗ್ರೂಪಿನ ಆ ಹುಡುಗನ ಜಾಗದಲ್ಲಿ ನಾನಿದ್ದೆ. ನಾನೂ ಹಾಗೆಯೇ ಒಂದು ಸಾಲು ಹಾಕಿದವನು, ನಮ್ಮ ದೊಡ್ಡಪ್ಪನಿಗೆ.

ಒಳಗಿಂದ ಅದು ಹೇಗಿರುತ್ತದೆ ಅಂತ ಹೇಳುತ್ತೇನೆ. ಬೈಯುವ ಹೊತ್ತಿಗೆ ಎದುರಿಗೆ ದೊಡ್ಡಪ್ಪ ಇರುವುದಿಲ್ಲ. ಸಣ್ಣ ಅಕ್ಷರದಲ್ಲಿ ಒಂದು ಹೆಸರು ಇರುತ್ತದೆ, ಆ ಹೆಸರಿನ ಹಿಂದೆ ನಾನು ಬೆಳಗಿನಿಂದ ಓದಿ ಸಿಟ್ಟಾಗಿದ್ದ ನೂರು ಜನ ಅಪರಿಚಿತರು ಇರುತ್ತಾರೆ. ಅವರಿಗೆಲ್ಲ ಕೊಡಬೇಕಾದ ಉತ್ತರ ಒಬ್ಬ ದೊಡ್ಡಪ್ಪನ ತಲೆ ಮೇಲೆ ಬೀಳುತ್ತದೆ. ಆಮೇಲೆ ಹೆಬ್ಬೆರಳು ಬರತೊಡಗುತ್ತವೆ, ಮೈ ಬಿಸಿಯಾಗುತ್ತದೆ, ಇನ್ನೂ ಚುರುಕಾಗಿ ಇನ್ನೊಂದು ಬರೆಯೋಣ ಅನಿಸುತ್ತದೆ. 2017ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಟ್ವೀಟು ಇಟ್ಟುಕೊಂಡು ನೋಡಿದ ಒಂದು ಅಧ್ಯಯನ ಆಮೇಲೆ ನನ್ನ ಕಣ್ಣಿಗೆ ಬಿತ್ತು. ನೀತಿ ಮತ್ತು ಆವೇಶ ಎರಡೂ ಬೆರೆತ ಒಂದೊಂದು ಪದ ಸೇರಿದಂತೆಲ್ಲ ಅದು ಹರಡುವುದು ಸುಮಾರು 20 ಶೇಕಡದಷ್ಟು ಹೆಚ್ಚುತ್ತಿತ್ತಂತೆ. ನಾನು ಸಿಟ್ಟಾದಷ್ಟೂ ನನಗೆ ಕೇಳುಗರು ಸಿಗುತ್ತಿದ್ದರು, ಸಮಾಧಾನದಿಂದ ಬರೆದದ್ದನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ.

ದೊಡ್ಡಪ್ಪ ಗ್ರೂಪು ಬಿಟ್ಟರು. ಎಂಟು ತಿಂಗಳ ನಂತರ ಅವರಿಗೆ ಹುಷಾರಿಲ್ಲ ಅಂತ ನೋಡಲು ಹೋದೆ. ಅವರು ಆ ಮಾತನ್ನು ಎತ್ತಲೇ ಇಲ್ಲ, ನನ್ನ ಕೆಲಸದ ಬಗ್ಗೆ ಕೇಳಿದರು. ಹೊರಡುವಾಗ ನಾನೇ ಕೇಳಿದೆ, ನೀವು ಅವತ್ತು ಯಾಕೆ ಹಾಗೆ ಬರೆದಿರಿ ಅಂತ. ಅವರು ಒಂದು ಗಂಟೆ ಹೇಳಿದರು. ಅವರ ಯೌವನದಲ್ಲಿ ಕೆಲಸ ಹೋದದ್ದು, ಆಗಿನ ಸರ್ಕಾರ ಏನು ಮಾಡಿತು, ಏನು ಮಾಡಲಿಲ್ಲ. ನಾನು ಈಗಲೂ ಅವರ ಪಕ್ಷಕ್ಕೆ ಮತ ಹಾಕುವುದಿಲ್ಲ. ಆದರೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಏನು ಬೇಕಾದರೂ ಕೊಡುತ್ತೇನೆ.

ಆ ಹುಡುಗನ ಪರವಾಗಿ ಕ್ಷಮೆ ಕೇಳುವ ಹಕ್ಕು ನನಗಿಲ್ಲ. ಆದರೆ ಒಮ್ಮೆ ಅವನಿಗೆ ನೀವೇ ಫೋನ್ ಮಾಡಿ ನೋಡಿ. ಬೈಯಲು ಅಲ್ಲ, ವಾದಕ್ಕೂ ಅಲ್ಲ. ಅವನಿಗೆ ನಿಮ್ಮ ದನಿ ಕೇಳಲಿ.

ಇಪ್ಪತ್ತೆರಡರ ಹುಡುಗಿ:

ನನ್ನ ಅನುಭವ ಪೂರ್ತಿ ಉಲ್ಟಾ, ಅದಕ್ಕೇ ಬರೀತಿದೀನಿ. ನಮ್ಮ ಮನೇಲಿ ಹೆಣ್ಣುಮಕ್ಕಳು ರಾಜಕೀಯ ಮಾತಾಡಿದ್ರೆ "ನಿನಗ್ಯಾಕೆ ಅದೆಲ್ಲ" ಅಂತಾರೆ. ನಾನು ಮಾತಾಡೋಕೆ ಕಲಿತಿದ್ದೇ ಬೇರೆ ಹೆಸರಿಟ್ಟುಕೊಂಡ ಒಂದು ಖಾತೆಯಿಂದ. ಅಲ್ಲಿ ನನ್ನ ವಯಸ್ಸು, ಮನೆ ಯಾರಿಗೂ ಗೊತ್ತಿಲ್ಲ, ಮಾತು ಮಾತ್ರ ತೂಕಕ್ಕೆ ಬರುತ್ತೆ. ತಪ್ಪು ಹೇಳಿದಾಗ ಒಬ್ಬರು ತಾಳ್ಮೆಯಿಂದ ತಿದ್ದಿದ್ರು, ಬಜೆಟ್ ಓದೋದು ಹೇಗೆ ಅಂತ ಅವರಿಂದಲೇ ಕಲಿತೆ. ಮುಖ ಕಾಣದಿದ್ದರೆ ಜನ ಬಿಚ್ಚಿಕೊಳ್ಳುತ್ತಾರೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ, ಅಂತ ಜಾನ್ ಸುಲರ್ ಅನ್ನೋ ಮನಃಶಾಸ್ತ್ರಜ್ಞ 2004ರಲ್ಲೇ ಬರೆದಿದ್ದಾರೆ. ನನಗೆ ಒಳ್ಳೇದೇ ಸಿಕ್ತು. ಆದ್ರೆ ಮನೇಲಿ ಇನ್ನೂ ಮಾತಾಡಿಲ್ಲ. ನಿಮ್ಮ ಮಗನ ಥರ ನಾನೂ ಅಮ್ಮನ್ನ ಕೇಳಿದ್ದೆ, "ಎಲ್ಲರೂ ಒಂದೇ" ಅಂತಲೇ ಹೇಳಿದ್ಲು. ಅವಳಿಗೆ ಅಭಿಪ್ರಾಯವೇ ಇಲ್ಲ ಅಂದುಕೊಂಡಿದ್ದೆ. ನೀವು ಬರೆದದ್ದು ಓದಿ ಇವತ್ತು ಮತ್ತೆ ಕೇಳಬೇಕು ಅನಿಸ್ತಿದೆ.

ಕೇಳಿದವರು, ಹನ್ನೆರಡು ದಿನದ ನಂತರ:

ಎಲ್ಲರ ಮಾತನ್ನೂ ಓದಿದೆ, ಕೆಲವನ್ನು ಮತ್ತೆ ಮತ್ತೆ. ಏನಾಯಿತು ಅಂತ ಹೇಳಬೇಕಾದ್ದು ನನ್ನ ಧರ್ಮ.

ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವತ್ತು ಏನು ಬರೆದು ಅಳಿಸಿದಿರಿ ಅಂತ ಕೇಳಿದರೆ ಅವರಿಗೆ ನೆನಪೇ ಇಲ್ಲ. ಆದರೆ "ನಿನ್ನ ಹಾಗೆ ನನಗೂ ಅಲ್ಲಿ ಬರೆಯಲು ಕೈ ನಡುಗುತ್ತದೆ" ಅಂದರು. ನಲವತ್ತು ನಿಮಿಷ ಮಾತಾಡಿದೆವು. ಅರ್ಧ ವಿಷಯದಲ್ಲಿ ಅವರು ನನಗೆ ಪೂರಾ ವಿರುದ್ಧ! ಇಷ್ಟು ವರ್ಷ ನನಗದು ಗೊತ್ತೇ ಇರಲಿಲ್ಲ. ವಿರುದ್ಧ ಇದ್ದೂ ಅವರ ದನಿಯಲ್ಲಿ ಬಿಗುವಿರಲಿಲ್ಲ, ನನ್ನ ದನಿಯಲ್ಲೂ ಇರಲಿಲ್ಲ ಅಂದುಕೊಂಡಿದ್ದೇನೆ.

ಆ ಹುಡುಗನಿಗೆ ಇನ್ನೂ ಫೋನ್ ಮಾಡಿಲ್ಲ. ಎರಡು ಸಲ ನಂಬರ್ ತೆಗೆದು ಇಟ್ಟೆ. ಅದಕ್ಕೆ ಇನ್ನಷ್ಟು ದಿನ ಬೇಕು ನನಗೆ.

ಅಡ್ಮಿನ್ ನಮ್ಮ ಮಾವ. ಎರಡು ಸಾಲಿನ ನಿಯಮ ಹೇಳಿದೆ. "ನೋಡೋಣ" ಅಂದರು, ನೋಡಿಲ್ಲ.

ಮಗನ ವಿಷಯ. ಭಾನುವಾರ ರಾತ್ರಿ ಅವನ ಕೋಣೆಗೆ ಹೋಗಿ, "ಅವತ್ತು ನಾನು ಹೇಳಿದ್ದು ಸುಳ್ಳು, ನನಗೆ ಎಲ್ಲರೂ ಒಂದೇ ಅಲ್ಲ" ಅಂದೆ. ಫೋನ್ ಮಗುಚಿಟ್ಟು ನನ್ನ ಕಡೆ ತಿರುಗಿ ಕೂತ. ಯಾರಿಗೆ ಹಾಕುತ್ತೇನೆ, ಯಾಕೆ ಹಾಕುತ್ತೇನೆ, ಅಪ್ಪನ ಜೊತೆ ಯಾವ ವಿಷಯಕ್ಕೆ ಜಗಳವಾಡುತ್ತಿದ್ದೆ, ಎಲ್ಲಿ ನಾನು ತಪ್ಪಿದ್ದೆ, ಎಲ್ಲ ಹೇಳಿದೆ. ಮೊದಲ ಐದು ನಿಮಿಷ ನನ್ನ ದನಿ ನಡುಗಿತು. ಅವನು ಮಧ್ಯೆ ಮಧ್ಯೆ "ಆದರೆ ಅಮ್ಮ" ಅನ್ನುತ್ತಿದ್ದ, ನಾನು ಅಪ್ಪನಿಗೆ ಅನ್ನುತ್ತಿದ್ದಂತೆಯೇ. ಹನ್ನೊಂದೂವರೆಯ ತನಕ ಕೂತಿದ್ದೆವು. ಅವನು ಒಪ್ಪಲಿಲ್ಲ. ನಾಳೆ ಮುಂದುವರಿಸೋಣ ಅಂದ, ಮರುದಿನ ಸಂಜೆ ಅವನೇ ಬಂದು ಕೂತ.